ಗಾಯದ ಎರಡನೆಯ ವಾರ

ತುಂಗೆಯೂ ಭದ್ರೆಯೂ ಒಂದೇ ವರಾಹಪರ್ವತದ ಗರ್ಭದಿಂದ ಹೊರಟು, ಒಂದು ಶೃಂಗೇರಿಯ ವಿದ್ಯಾಶಂಕರ ದೇವಾಲಯದ ಪಕ್ಕದಲ್ಲಿ ಹರಿದು ಹರಿಹರಪುರದ ಮಾರ್ಗವಾಗಿ ಕೊಪ್ಪದ ಸೀಮೆಯನ್ನು ದಾಟಿ ಉತ್ತರಾಭಿಮುಖವಾಗಿ ಸಾಗಿದರೆ, ಮತ್ತೊಂದು ಖಾಂಡ್ಯ, ಬಾಳೆಹೊನ್ನೂರುಗಳನ್ನು ಹಾದು ನರಸಿಂಹರಾಜಪುರದ ಕಡೆಗೆ ತಿರುಗುವುದು. ಹಿಂದೆ ಕಡೂರು ಜಿಲ್ಲೆಯೆಂದು ಹೆಸರಾಗಿದ್ದ ಈಗಿನ ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿ, ಕೊಪ್ಪ, ನರಸಿಂಹರಾಜಪುರವೆಂಬ ಈ ಮೂರು ತಾಲೂಕುಗಳ ಚರಿತ್ರೆಯನ್ನು ಬರೆದವರು ಮಠದ ಪರಂಪರೆಯನ್ನೂ, ಶಾಸನಗಳನ್ನೂ, ಪಾಳೆಯಗಾರರ ಏಳುಬೀಳುಗಳನ್ನೂ, ಯೆಡೆಹಳ್ಳಿಯೆಂಬ ಊರು 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಪಡೆದು ನರಸಿಂಹರಾಜಪುರವಾದ ವೃತ್ತಾಂತವನ್ನೂ ಆದರದಿಂದ ಬರೆದಿದ್ದಾರೆ. ಆ ಎಲ್ಲ ವೈಭವಕ್ಕೆ ತಳಹದಿಯಾಗಿ ನಿಂತದ್ದು ಅಡಿಕೆಯ ತೋಟ. ಆ ತೋಟವನ್ನು ನಡೆಸಿದುದು ಮನುಷ್ಯರ ಕೈಕಾಲುಗಳು. ಆ ಕೈಕಾಲುಗಳಿಗೆ ಒದಗಿದ ಗಾಯಗಳಿಗೂ ಒಂದು ಚರಿತ್ರೆಯುಂಟು. ತೀವ್ರವಾಗಿ ಗಾಯಗೊಂಡ ಅಥವಾ ಸುಟ್ಟ ಶರೀರವು ತನ್ನ ರೋಗನಿರೋಧಕ ಶಕ್ತಿಯನ್ನೇ ಕೆಲವು ಕಾಲ ಕಳೆದುಕೊಳ್ಳುವುದೆಂಬ ಸತ್ಯವು ವೈದ್ಯಶಾಸ್ತ್ರಕ್ಕೆ ಹೇಗೆ ಕ್ರಮಕ್ರಮವಾಗಿ ಗೋಚರವಾಯಿತೆಂಬುದನ್ನು ಈ ಮಲೆನಾಡಿನ ಅನುಭವದೊಡನೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಗಾಯವಾದ ದಿನವನ್ನು ಚರಿತ್ರೆಯು ನೆನಪಿಡುತ್ತದೆ. ಅನಂತರದ ವಾರಗಳನ್ನು ನೆನಪಿಡುವುದು ವಿರಳ. 1791ರಲ್ಲಿ ಮರಾಠರ ದಂಡಿನ ಜನ ಶೃಂಗೇರಿಯ ಮೇಲೆ ಬಿದ್ದು ಮಠವನ್ನು ಸೂರೆಗೊಂಡು ಅನೇಕರನ್ನು ಕೊಂದು ಅನೇಕರನ್ನು ಗಾಯಗೊಳಿಸಿದ ಸಂಗತಿಯನ್ನೂ, ಟಿಪ್ಪು ಸುಲ್ತಾನನು ಆ ಸಂದರ್ಭದಲ್ಲಿ ಜಗದ್ಗುರುಗಳಿಗೆ ಕನ್ನಡದಲ್ಲಿ ಬರೆಯಿಸಿದ ಪತ್ರಗಳನ್ನೂ, ಮೈಸೂರಿನ ಪ್ರಾಕ್ತನ ವಿಮರ್ಶೆಯ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಮಠದ ಕಡತಗಳಿಂದ ಬೆಳಕಿಗೆ ತಂದರು. ಆಯುಧದ ಗಾಯವನ್ನು ತಿಂದ ದಿನವೇ ಮಡಿದವರ ದುಃಖವು ಎದ್ದುಕಾಣುವಂತಹುದು. ಆದರೆ ಯಾವ ಕಾಲದ ಯಾವ ಸಮರದಲ್ಲಿಯೂ, ಮೊದಲ ದಿನವನ್ನು ದಾಟಿ, ಮಾತನಾಡಿ, ಗಂಜಿ ಕುಡಿದು, ಬದುಕಿದರೆಂದು ಮನೆಯವರು ಸಮಾಧಾನ ಪಟ್ಟುಕೊಳ್ಳುವ ಹೊತ್ತಿಗೆ ಜ್ವರವೇರಿ ಮಡಿದವರು ಬಹುಮಂದಿ. ಇದು ಸಮರಕ್ಕೆ ಮಾತ್ರ ಸೇರಿದ ಮಾತಲ್ಲ. ತೋಟದ ನಿತ್ಯದ ದುಡಿಮೆಗೂ ಸೇರಿದುದು.

ಕೊನೆಗಾರನ ವೃತ್ತಿಯನ್ನು ಮೊದಲು ನೋಡೋಣ. ಒಂದು ಗೇಣಿನಷ್ಟೇ ದಪ್ಪವಿದ್ದು ಐವತ್ತು ಅರವತ್ತು ಅಡಿ ನೆಟ್ಟಗೆ ಬೆಳೆದು ನಿಂತ ಅಡಿಕೆಯ ಮರವನ್ನು, ಕಾಲಿಗೆ ತಳೆಯನ್ನು ಸಿಕ್ಕಿಸಿಕೊಂಡು ಏರಿ, ತುದಿಯಲ್ಲಿ ಕುಳಿತು ಅಡಿಕೆಯ ಗೊಂಚಲಾದ ಕೊನೆಯನ್ನು ಕತ್ತರಿಸಿ, ಕೆಳಗೆ ನಿಂತವನ ಕೈಯ ಹಗ್ಗಕ್ಕೆ ಜಾರಿಬಿಟ್ಟು, ಆ ಮರವನ್ನೇ ತೂಗಿಸಿ ಪಕ್ಕದ ಮರವನ್ನು ಹಿಡಿದು, ನೆಲಕ್ಕಿಳಿಯದೆ ಮರದಿಂದ ಮರಕ್ಕೆ ಸಾಗುವ ಆ ಕೌಶಲವು ತಂದೆಯಿಂದ ಮಗನಿಗೆ ಬಂದುದು. ಬಿಸಿಲುಗಾಲದ ಕೊಯ್ಲಿನಲ್ಲಿ ಇದು ಕಷ್ಟದ ಕೆಲಸ. ಮಳೆಗಾಲದಲ್ಲಿ ಪ್ರಾಣಾಂತಿಕವಾದ ಕೆಲಸ. ಶೃಂಗೇರಿಯ ಬಳಿಯ ಕಿಗ್ಗದ ಬೆಟ್ಟಗಳ ಮೇಲೆ ಮೋಡ ಕವಿದು ವಾರಗಟ್ಟಲೆ ಬಿಡದೆ ಸುರಿಯುವ ಕಾಲದಲ್ಲಿಯೇ ಕೊಳೆರೋಗವು ಎಳೆಗಾಯಿಗಳನ್ನು ಉದುರಿಸುವುದರಿಂದ, ಹಿಂದಿನವರು ಮಳೆ ಹಿಡಿಯುವ ಮೊದಲೇ ಕೊನೆಗಳಿಗೆ ನೀರು ಇಳಿಯದಂತೆ ಕೊಟ್ಟೆಯೆಂಬ ಹೊದಿಕೆಯನ್ನು ಕಟ್ಟುತ್ತಿದ್ದರು. ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿಯು ಆ ರೋಗವನ್ನು ಅಭ್ಯಸಿಸಿ, 1910ರಲ್ಲಿ ತನ್ನ ವರದಿಯನ್ನು ಪ್ರಕಟಿಸಿ, ಮೈಲುತುತ್ತ ಸುಣ್ಣಗಳಿಂದಾದ ಬೋರ್ಡೋ ದ್ರಾವಣವನ್ನು ಕೊನೆಗಳಿಗೆ ಸಿಂಪಡಿಸುವ ಪದ್ಧತಿಯನ್ನು ರೂಢಿಗೆ ತಂದ ಮೇಲೆ ಮಲೆನಾಡಿನ ತೋಟಗಳು ಉಳಿದವು. ಅದು ನಾಡು ಮರೆಯಲಾಗದ ಉಪಕಾರ. ಆದರೆ ಔಷಧಿ ಹೊಡೆಯುವುದಕ್ಕೆ ಪಾಚಿಗಟ್ಟಿ ಜಾರುವ ಮರವನ್ನು ಆಷಾಢದ ಮಳೆಯ ಬಿಡುವಿನಲ್ಲಿ ಮತ್ತೆ ಮತ್ತೆ ಏರಬೇಕಾದವನು ಕೊನೆಗಾರನೇ. ಬಿದ್ದವರ ತೊಡೆಯ ಎಲುಬು, ಬೆನ್ನೆಲುಬು, ಪಕ್ಕೆಲುಬುಗಳು ಮುರಿದುವು. ಎಲುಬು ಚರ್ಮವನ್ನು ಸೀಳಿ ಹೊರಬಂದು ತೋಟದ ಕೆಸರು ಗಾಯದೊಳಗೆ ಸೇರಿತು.

ಎರಡನೆಯ ಅಪಾಯದ ಸ್ಥಳ ಅಡಿಕೆ ಬೇಯಿಸುವ ಒಲೆ. ದೀಪಾವಳಿಯ ಆಸುಪಾಸಿನಲ್ಲಿ ಕೊಯ್ಲು ಆರಂಭವಾದರೆ ಮನೆಯ ಅಂಗಳಕ್ಕೆ ಹಗಲುರಾತ್ರಿಗಳ ಭೇದವಿರದು. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತ ಹೆಂಗಸರು ಗಂಡಸರು ರಾತ್ರಿಯ ಎರಡನೆಯ ಜಾವದವರೆಗೂ ಹಸಿರುಗಾಯಿಯನ್ನು ಸುಲಿದು ಗುಡ್ಡೆ ಹಾಕುತ್ತಿದ್ದರೆ, ಅತ್ತ ಮಣ್ಣಿನ ದೊಡ್ಡ ಒಲೆಯ ಮೇಲೆ ತಾಮ್ರದ ಹಂಡೆಯಲ್ಲಿ ಹಿಂದಿನ ಬೇಯಿಸುವಿಕೆಯ ಚೊಗರು ಕೆಂಪಾಗಿ ಕುದಿಯುತ್ತಿರುತ್ತದೆ. ಸುಲಿದ ಅಡಿಕೆಯನ್ನು ಅದರಲ್ಲಿ ಸುರಿದು, ಹದ ನೋಡಿ, ತೂತುಗಳುಳ್ಳ ಉದ್ದ ಹಿಡಿಯ ಸೌಟಿನಿಂದ ಬಾಚಿ ಬುಟ್ಟಿಗೆ ತುಂಬಿ, ರಸ ಬಸಿದ ಬಳಿಕ ಅಟ್ಟಕ್ಕೆ ಹೊತ್ತು ಹರಡುವುದು ಕ್ರಮ. ಒಂದೊಂದು ಬೇಯಿಸುವಿಕೆಗೂ ಚೊಗರು ಗಟ್ಟಿಯಾಗುತ್ತ ಹೋಗುವುದು. ಅರವತ್ತು ಡಿಗ್ರಿ ಸೆಲ್ಸಿಯಸ್ ಶಾಖದ ನೀರು ಐದಾರು ಕ್ಷಣಗಳಲ್ಲಿ ಚರ್ಮವನ್ನು ಆಳವಾಗಿ ಸುಡಬಲ್ಲದೆಂದಮೇಲೆ, ಕುದಿಯುತ್ತಿರುವ ದ್ರವಕ್ಕೆ ಒಂದು ಕ್ಷಣವೂ ಹೆಚ್ಚು. ನೀರಾದರೆ ಮೈಮೇಲಿನಿಂದ ಜಾರಿ ಹೋಗಿ ಬೇಗ ಆರುವುದು. ಮಂದವಾದ ದ್ರವವು ಚರ್ಮಕ್ಕೆ ಅಂಟಿಕೊಂಡು ತನ್ನ ಶಾಖವನ್ನು ಒಳಗೊಳಗೆ ಇಳಿಸುವುದು. ಹಂಡೆಯ ಬದಿಯಲ್ಲಿ ನಿದ್ದೆಗಣ್ಣಿನಲ್ಲಿ ಕಾಲು ಜಾರಿದ ಆಳು, ಒಲೆಯ ಬಳಿ ಆಡುತ್ತ ಬಂದ ಮಗು, ಒದ್ದೆ ಸೌದೆಯನ್ನು ಊದುವಾಗ ಸೆರಗಿಗೆ ಕಿಡಿ ಹತ್ತಿದ ಹೆಂಗಸು, ಆಲೆಮನೆಯ ಕೊಪ್ಪರಿಗೆಯ ಬೆಲ್ಲದ ಪಾಕ ಸಿಡಿದು ಕೈಸುಟ್ಟುಕೊಂಡವನು, ಬಚ್ಚಲ ಹಂಡೆಯ ನೀರು ಮೈಮೇಲೆ ಚೆಲ್ಲಿಕೊಂಡ ಮುದುಕಿ, ಚಿಮಣಿ ಬುಡ್ಡಿಯ ಸೀಮೆಎಣ್ಣೆಗೆ ಸಿಕ್ಕಿದವರು: ಮಲೆನಾಡಿನ ಮನೆತನಗಳಲ್ಲಿ ಇಂತಹದೊಂದು ದುಃಖವನ್ನು ಕಾಣದ ಮನೆ ಅಪೂರ್ವ.

ಈ ಅಪಘಾತಗಳ ಪರಿಣಾಮವು ಬಹುತೇಕ ಒಂದೇ ಜಾಡಿನಲ್ಲಿ ನಡೆಯುತ್ತಿತ್ತು. ಮೊದಲ ಎರಡು ದಿನಗಳಲ್ಲಿ ಮೈಯ ನೀರು ಸುಟ್ಟ ಭಾಗದಿಂದ ಸೋರಿ, ನಾಡಿ ಕ್ಷೀಣಿಸಿ, ಮೈ ತಣ್ಣಗಾಗಿ ಕೆಲವರು ಮಡಿಯುವರು. ಆ ಗಂಡವನ್ನು ದಾಟಿದವರಿಗೆ ಮೂರನೆಯ ನಾಲ್ಕನೆಯ ದಿನ ಸ್ವಲ್ಪ ಚೇತರಿಕೆ. ಐದನೆಯ ದಿನದಿಂದ ಮುಂದಕ್ಕೆ ಗಾಯದ ಬಣ್ಣ ತಿರುಗುವುದು, ವಾಸನೆ ಹುಟ್ಟುವುದು, ಚಳಿ ಬಂದು ಜ್ವರವೇರುವುದು, ಬಡಬಡಿಕೆ ಆರಂಭವಾಗುವುದು. ಒಮ್ಮೊಮ್ಮೆ ಜ್ವರವೂ ಇಲ್ಲದೆ ಮೈ ತಣ್ಣಗಿಟ್ಟುಕೊಂಡೇ ಮನುಷ್ಯನು ಜಾರಿಹೋಗುವುದುಂಟು. ನಂಜೇರಿತೆಂದು ಜನ ಹೇಳಿದರು. ಸ್ಯಾನ್ ಫ್ರಾನ್ಸಿಸ್ಕೊ ನಗರದ ಡೊನಾಲ್ಡ್ ಟ್ರಂಕಿ ಎಂಬ ಶಸ್ತ್ರವೈದ್ಯನು 1983ರಲ್ಲಿ ಅಪಘಾತದ ಮರಣಗಳನ್ನು ಪರಿಶೀಲಿಸಿ, ಅವು ಮೂರು ಅಲೆಗಳಾಗಿ ಬರುವುವೆಂದೂ, ಮೊದಲನೆಯದು ನಿಮಿಷಗಳಲ್ಲಿ, ಎರಡನೆಯದು ಗಂಟೆಗಳಲ್ಲಿ, ಮೂರನೆಯದು ದಿನ ವಾರಗಳ ಬಳಿಕ ಸೋಂಕಿನಿಂದಲೂ ಅಂಗಗಳ ವೈಫಲ್ಯದಿಂದಲೂ ಬರುವುದೆಂದೂ ಬರೆದನು. ಮಹಾನಗರದ ಲೆಕ್ಕಪತ್ರಗಳಿಂದ ಅವನು ಕಂಡ ಆ ಮೂರನೆಯ ಅಲೆಯು ಕೊಪ್ಪದ ತೋಟದ ಮನೆಯಲ್ಲಿ ರೋಗಿಯ ತಲೆದೆಸೆಯಲ್ಲಿ ಕುಳಿತವರಿಗೆ ಬಲುಹಿಂದಿನಿಂದಲೂ ಪರಿಚಿತವಾಗಿತ್ತು.

ಪ್ರಾಚೀನರು ಇದನ್ನು ಗಮನಿಸದೆ ಇರಲಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹನ್ನೆರಡನೆಯ ಅಧ್ಯಾಯವು ಸುಟ್ಟಗಾಯವನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕು ವಿಧವಾಗಿ ವಿಂಗಡಿಸಿ, ಹೊಗೆ ಕುಡಿದವನ ಲಕ್ಷಣಗಳನ್ನೂ ಪ್ರತ್ಯೇಕವಾಗಿ ಹೇಳುತ್ತದೆ. ಹತ್ತೊಂಬತ್ತನೆಯ ಅಧ್ಯಾಯದಲ್ಲಿ ವ್ರಣಿತನಾದವನನ್ನು ಶುಚಿಯಾದ ಮನೆಯಲ್ಲಿ ಮಲಗಿಸಬೇಕೆಂದೂ, ಸಾಸಿವೆ, ಬೇವಿನೆಲೆ, ತುಪ್ಪ, ಉಪ್ಪುಗಳ ಧೂಪವನ್ನು ದಿನಕ್ಕೆ ಎರಡು ಬಾರಿ ಹತ್ತು ರಾತ್ರಿಗಳವರೆಗೆ ಆಲಸ್ಯವಿಲ್ಲದೆ ಹಾಕಬೇಕೆಂದೂ ವಿಧಿಸಿದೆ. ಸೂಕ್ಷ್ಮಜೀವಿಗಳೆಂಬ ಕಲ್ಪನೆಯಿಲ್ಲದ ಕಾಲದಲ್ಲಿ ಆ ಗ್ರಂಥಕಾರನು ವ್ರಣಿತನನ್ನು ಹಿಂಸಿಸಲು ಬರುವ ಅದೃಶ್ಯ ಶಕ್ತಿಗಳ ಹೆಸರಿನಲ್ಲಿ ಇದನ್ನು ಹೇಳಿದ್ದಾನೆ. ಆದರೂ ಗಾಯಾಳುವಿಗೆ ಹೊರಗಿನಿಂದ ಬರುವ ಅಪಾಯವು ಆರೋಗ್ಯವಂತನಿಗೆ ಬರುವುದಕ್ಕಿಂತ ಹೆಚ್ಚಿನದೆಂದೂ, ಆ ಅಪಾಯದ ಅವಧಿ ಹತ್ತು ದಿನಗಳಾದರೂ ಉಂಟೆಂದೂ ಅವನು ತಿಳಿದಿದ್ದನೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಮಲೆನಾಡಿನ ಪಂಡಿತರೂ ನಾಟಿವೈದ್ಯರೂ ಮನೆಯ ಹಿರಿಯ ಹೆಂಗಸರೂ ಈ ಪರಂಪರೆಯ ಜೊತೆಗೆ ತಮ್ಮ ಕಾಡಿನ ಅನುಭವವನ್ನೂ ಬೆರೆಸಿಕೊಂಡಿದ್ದರು. ತುಪ್ಪವನ್ನು ತಾಮ್ರದ ಪಾತ್ರೆಯಲ್ಲಿ ನೂರು ಸಲ ನೀರಿನಿಂದ ತೊಳೆದು ಬೆಣ್ಣೆಗಿಂತ ಮೃದುವಾಗಿಸಿದ ಶತಧೌತ ಘೃತ, ತುಡುವೆಯ ಜೇನು, ಲೋಳೆಸರದ ತಿರುಳು, ಸುಣ್ಣದ ತಿಳಿನೀರನ್ನು ಕೊಬ್ಬರಿ ಎಣ್ಣೆಯೊಡನೆ ಕಡೆದು ಮಾಡಿದ ಬಿಳಿಯ ಲೇಪ, ಮೇಲೆ ಹಾಸಲು ಎಳೆಯ ಬಾಳೆಯೆಲೆ: ಇವು ಅವರ ಸಾಧನಗಳು. ಸ್ಕಾಟ್ಲೆಂಡಿನ ಕ್ಯಾರನ್ ಎಂಬಲ್ಲಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕಾದ ಲೋಹದಿಂದ ಸುಟ್ಟುಕೊಂಡ ಕಾರ್ಮಿಕರಿಗೂ ಸುಣ್ಣದ ತಿಳಿಯನ್ನು ಅಗಸೆ ಎಣ್ಣೆಯೊಡನೆ ಬೆರೆಸಿ ಹಚ್ಚುತ್ತಿದ್ದರಾದ್ದರಿಂದ ಆ ಲೇಪವು ಪಾಶ್ಚಾತ್ಯ ವೈದ್ಯದಲ್ಲಿ ಕ್ಯಾರನ್ ಎಣ್ಣೆಯೆಂದೇ ಪ್ರಸಿದ್ಧವಾಯಿತು. ಜೇನಿನ ವಿಷಯದಲ್ಲಂತೂ, ಕನ್ನಡಿಗರು ನೆಲೆಸಿರುವ ಗಡಿನಾಡಾದ ಸೊಲ್ಲಾಪುರದ ವೈದ್ಯಕೀಯ ಕಾಲೇಜಿನ ಎಂ. ಸುಬ್ರಹ್ಮಣ್ಯಂ ಅವರು 104 ಮಂದಿ ಸುಟ್ಟ ರೋಗಿಗಳಲ್ಲಿ ಜೇನನ್ನೂ ಬೆಳ್ಳಿಯ ಮುಲಾಮನ್ನೂ ಹೋಲಿಸಿ, ಮೇಲುಮೇಲಿನ ಗಾಯಗಳಲ್ಲಿ ಜೇನು ಸೋಂಕನ್ನು ತಡೆಯುವುದೆಂದು 1991ರಲ್ಲಿ ಬ್ರಿಟಿಷ್ ಶಸ್ತ್ರವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಬಾಳೆಯೆಲೆಯ ಹೊದಿಕೆಯನ್ನು ಮುಂಬಯಿಯ ವೈದ್ಯರು ಆಸ್ಪತ್ರೆಯ ಶಿಸ್ತಿನಲ್ಲಿ ಪರೀಕ್ಷಿಸಿ, ಅಂಟಿಕೊಳ್ಳದೆ ನೋವಿಲ್ಲದೆ ಬಿಡಿಸಬಹುದಾದ ಅದರ ಗುಣವನ್ನು ಮೆಚ್ಚಿಕೊಂಡರು.

ಆದರೆ ಸತ್ಯಕ್ಕೆ ಬದ್ಧರಾದವರು ಪರಂಪರೆಯ ದೋಷವನ್ನೂ ಹೇಳಬೇಕು. ಸಗಣಿ, ಬೂದಿ, ಮಣ್ಣುಗಳನ್ನು ಗಾಯಕ್ಕೆ ಮೆತ್ತಿದವರೂ ಉಂಟು; ಅವು ಧನುರ್ವಾಯುವನ್ನು ಗಾಯದೊಳಕ್ಕೆ ಕರೆದು ತಂದವು. ಅದಕ್ಕಿಂತಲೂ ವ್ಯಾಪಕವಾದ ಹಾನಿ ಪಥ್ಯದಿಂದ ಆಯಿತು. ನಂಜಾದೀತೆಂಬ ಭಯದಿಂದ ಬೇಳೆ, ಹಾಲು, ಮೀನು, ಮೊಟ್ಟೆ, ಕಾಯಿಪಲ್ಯಗಳೆಲ್ಲವನ್ನೂ ನಿಲ್ಲಿಸಿ, ತಿಳಿಗಂಜಿಯೊಂದರ ಮೇಲೆ ವಾರಗಟ್ಟಲೆ ಇಟ್ಟ ರೋಗಿಯ ಶರೀರಕ್ಕೆ ಆಗ ಬೇಕಾಗಿದ್ದುದು ಎಂದಿನ ಆಹಾರಕ್ಕಿಂತ ಅಧಿಕವಾದ ಆಹಾರ. ಗ್ಲಾಸ್ಗೊ ನಗರದ ಡೇವಿಡ್ ಕತ್‌ಬರ್ಟ್‌ಸನ್ ಎಂಬುವನು 1930ರ ಸುಮಾರಿನಿಂದ ಎಲುಬು ಮುರಿದವರ ಮೂತ್ರವನ್ನು ಪರೀಕ್ಷಿಸುತ್ತ ಬಂದು, ಗಾಯಗೊಂಡವನು ಹಾಸಿಗೆಯಲ್ಲಿ ಸುಮ್ಮನೆ ಮಲಗಿದ್ದರೂ ತನ್ನ ಸ್ನಾಯುಗಳನ್ನೇ ಕರಗಿಸಿ ಉರಿಸುತ್ತಿರುತ್ತಾನೆಂದು ತೋರಿಸಿದನು. ದೊಡ್ಡ ಸುಟ್ಟಗಾಯದಲ್ಲಿ ಈ ಉರಿಯುವಿಕೆಯು ವಿಶ್ರಾಂತಿಯ ಪ್ರಮಾಣಕ್ಕೆ ಎರಡರಷ್ಟರ ಹತ್ತಿರ ಹೋಗುವುದುಂಟು. ಬಿಳಿಯ ರಕ್ತಕಣಗಳೂ ಪ್ರತಿಕಾಯಗಳೂ ಪ್ರೋಟೀನಿನಿಂದಲೇ ನಿರ್ಮಾಣವಾಗುವುವಾದ್ದರಿಂದ, ರೋಗಿಯ ರಕ್ಷಣೆಗೆಂದು ಮನೆಯವರು ಪ್ರೀತಿಯಿಂದ ನಡೆಸಿದ ಉಪವಾಸವೇ ಅವನ ರಕ್ಷಣೆಯನ್ನು ಕುಂದಿಸಿತು.

ಗಾಯಾಳುವಿನ ನಿರೋಧಕ ಶಕ್ತಿಯೇ ಕುಗ್ಗುವುದೆಂಬ ಅರಿವು ಮೂಡಿದ ಬಗೆ ವಿಸ್ಮಯಕರವಾದುದು. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಬೆಂಕಿಗೆ ಸಿಕ್ಕಿದ ಯೋಧರಿಗೂ ನಾಗರಿಕರಿಗೂ ಚರ್ಮವನ್ನು ಹೇಗೆ ಒದಗಿಸುವುದೆಂಬ ಚಿಂತೆಯಿಂದ, ಟಾಮಸ್ ಗಿಬ್ಸನ್ ಎಂಬ ಶಸ್ತ್ರವೈದ್ಯನೂ ಪೀಟರ್ ಮೆಡಾವರ್ ಎಂಬ ಪ್ರಾಣಿಶಾಸ್ತ್ರಜ್ಞನೂ ಗ್ಲಾಸ್ಗೊ ರಾಜ ಚಿಕಿತ್ಸಾಲಯದಲ್ಲಿ, ಅನಿಲದ ಒಲೆಯಿಂದ ಸುಟ್ಟುಕೊಂಡಿದ್ದ ಒಬ್ಬ ತರುಣಿಯ ಗಾಯಕ್ಕೆ ಆಕೆಯದೇ ಚರ್ಮದ ಚಿಕ್ಕ ಚಿಕ್ಕ ತುಣುಕುಗಳನ್ನೂ ಆಕೆಯ ಸಹೋದರನ ಚರ್ಮದ ತುಣುಕುಗಳನ್ನೂ ಪಕ್ಕಪಕ್ಕದಲ್ಲಿ ನಾಟಿದರು. ಆಕೆಯವು ಬೇರೂರಿ ಹಬ್ಬಿದವು. ಸಹೋದರನವು ಕೆಲಕಾಲ ಹಿಡಿದು ನಿಂತು ಅನಂತರ ನಶಿಸಿದವು. ಕೆಲವು ದಿನಗಳ ಬಳಿಕ ಸಹೋದರನ ಚರ್ಮವನ್ನು ಮತ್ತೊಮ್ಮೆ ನಾಟಿದಾಗ ಅವು ಮೊದಲಿನವಕ್ಕಿಂತ ಶೀಘ್ರವಾಗಿ ನಾಶವಾದವು. ಶರೀರವು ಪರಕೀಯವನ್ನು ಗುರುತಿಸುತ್ತದೆ, ನೆನಪಿಡುತ್ತದೆ, ಎರಡನೆಯ ಸಲ ವೇಗವಾಗಿ ಎದುರಿಸುತ್ತದೆ ಎಂಬ ತತ್ವವು 1943ರ ಅವರ ಲೇಖನದಿಂದ ಸ್ಪಷ್ಟವಾಯಿತು. ಆ ದಾರಿಯಲ್ಲಿ ಮುಂದುವರಿದ ಮೆಡಾವರನಿಗೆ 1960ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇದಾದ ಬಳಿಕ 1950ರ ದಶಕದಲ್ಲಿ ವೈದ್ಯರು ಮತ್ತೊಂದನ್ನು ಗಮನಿಸಿದರು. ಮೈಯ ಬಹುಭಾಗ ಸುಟ್ಟವರಲ್ಲಿ, ನಿಯಮದಂತೆ ಬೇಗನೆ ಉದುರಬೇಕಾಗಿದ್ದ ಪರರ ಚರ್ಮವು ವಾರಗಟ್ಟಲೆ ಉಳಿಯುತ್ತಿತ್ತು. ಮೊದಲ ನೋಟಕ್ಕೆ ಶುಭವಾರ್ತೆಯಂತೆ ತೋರಿದ ಇದರ ಇನ್ನೊಂದು ಮುಖವು ಭಯಂಕರವಾದುದು: ಪರಕೀಯವಾದ ಚರ್ಮವನ್ನು ತಿರಸ್ಕರಿಸಲಾರದ ಶರೀರವು ಪರಕೀಯವಾದ ಸೂಕ್ಷ್ಮಜೀವಿಯನ್ನೂ ತಿರಸ್ಕರಿಸಲಾರದು. ಇಂದು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮನಿಧಿಯೊಂದು ನಡೆಯುತ್ತಿದ್ದು, ಮೃತರ ಬಂಧುಗಳು ದಾನವಾಗಿ ಕೊಟ್ಟ ಚರ್ಮವನ್ನು ಸುಟ್ಟವರಿಗೆ ತಾತ್ಕಾಲಿಕ ಹೊದಿಕೆಯಾಗಿ ಬಳಸುವರಷ್ಟೆ. ಆ ಹೊದಿಕೆಯು ಕೆಲವು ವಾರ ನಿಲ್ಲುವುದಕ್ಕೆ ರೋಗಿಯ ಕುಗ್ಗಿದ ನಿರೋಧಕ ಶಕ್ತಿಯೂ ಒಂದು ಕಾರಣ. ದೌರ್ಬಲ್ಯವನ್ನೇ ಅವಕಾಶವಾಗಿ ಮಾಡಿಕೊಂಡು, ಆ ಬಿಡುವಿನಲ್ಲಿ ರೋಗಿಯ ಸ್ವಂತ ಚರ್ಮವನ್ನು ಹಂತಹಂತವಾಗಿ ನಾಟುವುದು ವೈದ್ಯರ ಜಾಣ್ಮೆ.

ಹಾಗಾದರೆ ಶರೀರದೊಳಗೆ ನಡೆಯುವುದೇನು? ಕೊಟ್ಟೆ ಹರಿದ ಕೊನೆಗೆ ಮಳೆನೀರು ಇಳಿದು ಕೊಳೆ ಹತ್ತುವಂತೆ, ಚರ್ಮ ಹೋದ ಮೈಗೆ ಸೂಕ್ಷ್ಮಜೀವಿ ಇಳಿಯುವುದೆಂಬುದು ಎಲ್ಲರಿಗೂ ತೋರುವ ಮೊದಲನೆಯ ಕಾರಣ. ಸುಟ್ಟು ಸತ್ತ ಚರ್ಮದ ಪದರದಲ್ಲಿ ರಕ್ತನಾಳಗಳು ಮುಚ್ಚಿಹೋಗಿರುವುದರಿಂದ ಅಲ್ಲಿಗೆ ಬಿಳಿಯ ಕಣಗಳೂ ತಲುಪವು, ರಕ್ತದ ಮೂಲಕ ಕೊಟ್ಟ ಔಷಧವೂ ತಲುಪದು. ಸೂಕ್ಷ್ಮಜೀವಿಗಳಿಗೆ ಮಾತ್ರ ಅದು ಬೆಚ್ಚಗಿನ, ತೇವದ, ಪುಷ್ಕಳ ಆಹಾರದ ನೆಲೆ. ಮೊದಲ ದಿನಗಳಲ್ಲಿ ಚರ್ಮದ ಮೇಲಿನ ಸ್ಟೆಫೈಲೊಕಾಕಸ್ ಜಾತಿಯವೂ, ಅನಂತರದ ದಿನಗಳಲ್ಲಿ ಹಸಿರು ಕೀವನ್ನುಂಟುಮಾಡುವ ಸೂಡೊಮೊನಾಸ್ ಮೊದಲಾದುವೂ ಅಲ್ಲಿ ಬೆಳೆಯುವುವು. ಸೋರಿಹೋಗುವ ದ್ರವದೊಡನೆ ಪ್ರತಿಕಾಯಗಳೂ ಸೋರಿಹೋಗುವುವು.

ಆದರೆ ಇದಿಷ್ಟೇ ಆಗಿದ್ದರೆ, ಚರ್ಮ ಸೀಳದೆ ಒಳಗೆ ಎಲುಬುಗಳು ಜಜ್ಜಿಹೋದ ಕೊನೆಗಾರನು ಎರಡನೆಯ ವಾರದಲ್ಲಿ ಶ್ವಾಸಕೋಶದ ಸೋಂಕಿಗೆ ತುತ್ತಾಗಬೇಕಾಗಿರಲಿಲ್ಲ. ಎರಡನೆಯ ಕಾರಣ ಒಳಗಿನದು. ಜಜ್ಜಿದ, ಸುಟ್ಟ ಜೀವಕೋಶಗಳು ಒಡೆದಾಗ ಅವುಗಳ ಒಳಗಿನ ವಸ್ತುಗಳು ರಕ್ತಕ್ಕೆ ಚೆಲ್ಲುವುವು. ಜೀವಕೋಶದ ಶಕ್ತಿಯ ಕೇಂದ್ರವಾದ ಮೈಟೊಕಾಂಡ್ರಿಯವು ಪುರಾತನ ಕಾಲದ ಬ್ಯಾಕ್ಟೀರಿಯದ ವಂಶಜವಾದುದರಿಂದ, ಅದರ ಚೂರುಗಳನ್ನು ರಕ್ಷಣಾ ವ್ಯವಸ್ಥೆಯು ಬ್ಯಾಕ್ಟೀರಿಯವೆಂದೇ ಗ್ರಹಿಸುವುದು. ಬಾಸ್ಟನ್ ನಗರದ ಕಾರ್ಲ್ ಹೌಸರ್ ಮತ್ತು ಸಂಗಡಿಗರು 2010ರಲ್ಲಿ ಇದನ್ನು ಪ್ರಯೋಗಗಳಿಂದ ನಿರೂಪಿಸಿದರು. ಹೀಗೆ ಯಾವ ಶತ್ರುವೂ ಒಳಹೊಕ್ಕಿಲ್ಲದ ಮೊದಲ ಗಂಟೆಗಳಲ್ಲಿಯೇ ಇಡೀ ಶರೀರವು ಯುದ್ಧಸನ್ನದ್ಧವಾಗುವುದು. ಬಿಳಿಯ ಕಣಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಜೀನುಗಳ ಕಾರ್ಯವು ತೀವ್ರ ಗಾಯದ ಬಳಿಕ ಏರುಪೇರಾಗುವುದೆಂದು 2011ರಲ್ಲಿ ಅಮೆರಿಕದ ಸಂಶೋಧಕರ ಒಂದು ದೊಡ್ಡ ತಂಡವು ಪ್ರಕಟಿಸಿತು.

ಈ ಉದ್ರೇಕವು ತನ್ನದೇ ಅಂಗಗಳನ್ನು ನಾಶಮಾಡದಂತೆ ತಡೆಯಲು ಶರೀರವು ಕೂಡಲೇ ಅದಕ್ಕೆ ಲಗಾಮು ಹಾಕತೊಡಗುವುದು. ಕಾರ್ಟಿಸಾಲ್, ಅಡ್ರಿನಲಿನ್ ಎಂಬ ಹಾರ್ಮೋನುಗಳೂ, ಪ್ರೋಸ್ಟಗ್ಲಾಂಡಿನ್ ಇ-2, ಇಂಟರ್‌ಲ್ಯೂಕಿನ್-10 ಎಂಬ ಪದಾರ್ಥಗಳೂ ಹೆಚ್ಚಿ ರಕ್ಷಣಾ ಕಣಗಳನ್ನು ಶಾಂತಗೊಳಿಸುವುವು. ಸಣ್ಣ ಗಾಯದಲ್ಲಿ ಉದ್ರೇಕವೂ ಶಮನವೂ ಸಮತೂಕವಾಗಿ ನಡೆದು ಗಾಯ ಮಾಯುವುದು. ಚರ್ಮದ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಸುಟ್ಟಾಗ, ಅಥವಾ ಅನೇಕ ಎಲುಬುಗಳು ಮುರಿದಾಗ, ಎರಡೂ ಅತಿರೇಕಕ್ಕೆ ಹೋಗಿ, ದಿನ ಕಳೆದಂತೆ ಶಮನವೇ ಮೇಲುಗೈಯಾಗುವುದು. ಸೂಕ್ಷ್ಮಜೀವಿಯನ್ನು ನುಂಗುವ ನ್ಯೂಟ್ರೊಫಿಲ್ ಕಣಗಳು ಸಂಖ್ಯೆಯಲ್ಲಿ ಅಧಿಕವಾಗಿದ್ದರೂ, ಮಜ್ಜೆಯಿಂದ ಬಲಿಯದೆ ಹೊರಬಿದ್ದವಾದ್ದರಿಂದ ದಾರಿ ಕಂಡುಕೊಂಡು ಸೋಂಕಿನ ಸ್ಥಳಕ್ಕೆ ಹೋಗಲಾರವು, ನುಂಗಿದರೂ ಕೊಲ್ಲಲಾರವು. ಶತ್ರುವಿನ ಗುರುತನ್ನು ಇತರ ಕಣಗಳಿಗೆ ತೋರಿಸಬೇಕಾದ ಮಾನೊಸೈಟುಗಳು ಆ ಗುರುತನ್ನು ಹಿಡಿದು ತೋರಿಸುವ ಎಚ್‌ಎಲ್‌ಎ-ಡಿಆರ್ ಎಂಬ ಅಣುವನ್ನು ತಮ್ಮ ಮೈಮೇಲಿನಿಂದ ಕಳೆದುಕೊಳ್ಳುವುವು. ಲಿಂಫೊಸೈಟುಗಳು ಅಪಾರವಾಗಿ ಸಾಯುವುವು. ಉಳಿದವು ಕರೆಗೆ ಓಗೊಡವು. ಕರುಳಿನ ಒಳಪದರ ಶಿಥಿಲವಾಗಿ, ಅಲ್ಲಿಯೇ ನೆಲೆಸಿದ್ದ ಜೀವಿಗಳು ಒಳದಾರಿ ಹಿಡಿಯಬಲ್ಲವು. ಗಾಯವು ಸೂಕ್ಷ್ಮಜೀವಿಗೆ ಬಾಗಿಲು ತೆರೆಯುವ ಕಾಲವೂ, ರಕ್ಷಣೆಯು ಕೈಚೆಲ್ಲುವ ಕಾಲವೂ ಒಂದೇ ಆಗುವುದೇ ಎರಡನೆಯ ವಾರದ ದುರಂತದ ಮೂಲ. ಜ್ವರವೇರಬೇಕಾದಲ್ಲಿ ಮೈ ತಣ್ಣಗಿದ್ದ ರೋಗಿಯು ಗುಣವಾಗುತ್ತಿದ್ದವನಲ್ಲ. ಜ್ವರವನ್ನು ಎಬ್ಬಿಸುವ ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ.

ಹಳೆಯ ಮಲೆನಾಡಿನವನಿಗೆ ಈ ಯುದ್ಧವು ಅರ್ಧ ಸೋತ ಸ್ಥಿತಿಯಲ್ಲಿಯೇ ಆರಂಭವಾಗುತ್ತಿತ್ತು. ಚಳಿಜ್ವರವು ಇಲ್ಲಿಯ ಜನರ ಗುಲ್ಮವನ್ನು ಊದಿಸಿ ರಕ್ತವನ್ನು ತೆಳುಮಾಡಿತ್ತು. ಕೊಕ್ಕೆಹುಳುವು ಬರಿಗಾಲಿನಲ್ಲಿ ತೋಟ ಗದ್ದೆಗಳನ್ನು ತುಳಿದವರ ಉಳಿದ ರಕ್ತವನ್ನು ಹೀರುತ್ತಿತ್ತು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಮಲೆನಾಡಿನ ಅಭಿವೃದ್ಧಿಗೆ ಪ್ರತ್ಯೇಕ ಯೋಜನೆ ಹೊರಟಿತು. 1920ರ ದಶಕದ ಕೊನೆಗೆ ರಾಕ್‌ಫೆಲ್ಲರ್ ಪ್ರತಿಷ್ಠಾನದ ಸಹಾಯದಿಂದ ಇದೇ ಜಿಲ್ಲೆಯ ಮೂಡಿಗೆರೆಯಲ್ಲಿ ಮಲೇರಿಯಾ ಸಂಶೋಧನೆ ನಡೆಯಿತು. ಸೊಳ್ಳೆಯ ಮೇಲಿನ ಆ ಹೋರಾಟವು ಮರದಿಂದ ಬಿದ್ದವನ ಪ್ರಾಣವನ್ನೂ ಎಷ್ಟೋ ಮಟ್ಟಿಗೆ ಉಳಿಸಿತೆಂದು ನಾನು ಭಾವಿಸುತ್ತೇನೆ. ಏಕೆಂದರೆ ಗಾಯವನ್ನು ಎದುರಿಸುವುದು ಗಾಯಕ್ಕೆ ಮೊದಲಿದ್ದ ಶರೀರವೇ.

ದಾರಿಯ ದೂರವೂ ಒಂದು ರೋಗವಾಗಿತ್ತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹಾಕಿದ ಟ್ರಾಮಿನ ಸಣ್ಣ ಹಳಿಯು ಕಾಡಿನ ಸಂಪತ್ತನ್ನು ಹೊರಗೆ ಸಾಗಿಸಿತು. 1923ರಲ್ಲಿ ಕಬ್ಬಿಣವನ್ನು ಕರಗಿಸತೊಡಗಿದ ಭದ್ರಾವತಿಯ ಕಾರ್ಖಾನೆಯು ಈ ಸುತ್ತಿನ ಕಾಡುಗಳ ಸೌದೆಯಿಂದ ಮಾಡಿದ ಇದ್ದಲನ್ನು ಅವಲಂಬಿಸಿತ್ತು. ಮರ ಕಡಿಯುವವರಿಗೆ, ಇದ್ದಲು ಸುಡುವವರಿಗೆ, ಕುಲುಮೆಯ ಮುಂದೆ ನಿಂತವರಿಗೆ ಹೊಸ ಗಾಯಗಳು ಬಂದವು. ಗಾಯಾಳುವನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು, ಹೊಳೆ ದಾಟಿಸಿ, ಎತ್ತಿನ ಗಾಡಿಯಲ್ಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಮುಟ್ಟಿಸುವಾಗ ದಿನಗಳೇ ಕಳೆದಿರುತ್ತಿದ್ದವು. 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಘಟ್ಟ ಇಳಿದು ಅಲ್ಲಿಗೆ ಹೋಗುವುದು ರೂಢಿಯಾಯಿತು. 2008ರ ನವೆಂಬರಿನಿಂದ 108 ಸಂಖ್ಯೆಗೆ ಕರೆದರೆ ಬರುವ ತುರ್ತು ವಾಹನವು ಬಂದಿತು. ಇಂದು ಮೊದಲನೆಯ ಮತ್ತು ಎರಡನೆಯ ಅಲೆಗಳನ್ನು ದಾಟುವವರ ಸಂಖ್ಯೆ ಅಧಿಕವಾಗಿರುವುದರಿಂದಲೇ ಮೂರನೆಯ ಅಲೆಯ ಜ್ಞಾನವು ಇಂದು ನಮಗೆ ಹಿಂದೆಂದಿಗಿಂತಲೂ ಆವಶ್ಯಕ.

ಚಿಕಿತ್ಸೆಯೂ ಈ ಜ್ಞಾನದ ಬೆಳಕಿನಲ್ಲಿಯೇ ಬದಲಾಯಿತು. ಚಾರ್ಲ್ಸ್ ಫಾಕ್ಸ್ 1968ರಲ್ಲಿ ಬೆಳ್ಳಿಯನ್ನೂ ಸಲ್ಫಾ ಔಷಧವನ್ನೂ ಕೂಡಿಸಿ ಮಾಡಿದ ಮುಲಾಮು ಸತ್ತ ಪದರದ ಮೇಲೆಯೇ ಕೆಲಸಮಾಡಿತು. ಯುಗೊಸ್ಲಾವಿಯದ ಮಾರಿಬೊರ್ ಎಂಬ ಊರಿನ ಜೋರಾ ಯಾಂಜೆಕೊವಿಚ್ ಎಂಬ ವೈದ್ಯೆಯು, ಸತ್ತ ಚರ್ಮವು ತಾನಾಗಿ ಕೊಳೆತು ಬೀಳುವವರೆಗೆ ಕಾಯದೆ, ಮೊದಲ ದಿನಗಳಲ್ಲಿಯೇ ಅದನ್ನು ಪದರಪದರವಾಗಿ ಹೆರೆದು ತೆಗೆದು ಹೊಸ ಚರ್ಮವನ್ನು ಹೊದಿಸುವ ಕ್ರಮವನ್ನು 1970ರಲ್ಲಿ ಲೋಕಕ್ಕೆ ತಿಳಿಸಿದಳು. ಸತ್ತ ಅಂಗಾಂಶವನ್ನು ತೆಗೆದಷ್ಟೂ ಉದ್ರೇಕದ ಮೂಲವು ಕಡಿಮೆಯಾಗುವುದು. ಚರ್ಮ ಮುಚ್ಚಿದಷ್ಟೂ ನಿರೋಧಕ ಶಕ್ತಿ ಮರಳುವುದು. ಮೊದಲ ದಿನದಿಂದಲೇ ಬಾಯಿಯ ಅಥವಾ ಕೊಳವೆಯ ಮೂಲಕ ಪುಷ್ಟಿಯಾದ ಆಹಾರ, ಬೆಚ್ಚಗಿನ ಕೋಣೆ, ಮುಟ್ಟುವವರ ತೊಳೆದ ಕೈ, ಧನುರ್ವಾಯುವಿನ ಚುಚ್ಚುಮದ್ದು: ಇವು ಯಾವ ಅದ್ಭುತ ಔಷಧಕ್ಕೂ ಕಡಿಮೆಯವಲ್ಲ. ಸುಟ್ಟ ಕೂಡಲೇ ಇಪ್ಪತ್ತು ನಿಮಿಷ ತಂಪಾದ ಶುದ್ಧ ನೀರನ್ನು ಹರಿಸುವುದೂ, ಗಾಯದ ಮೇಲೆ ಶುಭ್ರವಾದ ಬಟ್ಟೆಯನ್ನು ಹೊದಿಸಿ ಬೇರೇನನ್ನೂ ಹಚ್ಚದೆ ಆಸ್ಪತ್ರೆಗೆ ಕರೆದೊಯ್ಯುವುದೂ ಎಲ್ಲ ಮನೆಯವರೂ ಮಾಡಬಹುದಾದ ಕಾರ್ಯ.

ತೋಟದ ವೃತ್ತಿಯೂ ಇಂದು ಬದಲಾಗುತ್ತಿದೆ. ನೆಲದಲ್ಲಿಯೇ ನಿಂತು ಕೊನೆ ಇಳಿಸುವ, ಔಷಧಿ ಹೊಡೆಯುವ ಕಾರ್ಬನ್ ಫೈಬರಿನ ದೋಟಿಗಳು ಬಂದಿವೆ; ಸುಲಿಯುವ ಯಂತ್ರಗಳು ಬಂದಿವೆ; ಬೇಯಿಸುವ ಒಲೆಗಳಿಗೂ ಕಟ್ಟೆ ಹೊಗೆಕೊಳವೆಗಳ ಭದ್ರತೆ ಬರುತ್ತಿದೆ. ಇವನ್ನು ಕೇವಲ ಆಳಿನ ಅಭಾವವನ್ನು ನೀಗುವ ಉಪಾಯಗಳೆಂದು ಎಣಿಸದೆ, ಜೀವರಕ್ಷಣೆಯ ಸಾಧನಗಳೆಂದು ಪ್ರತಿಯೊಂದು ತೋಟದವರೂ ಎಣಿಸುವುದು ಉಚಿತ.

ಆದರೂ ಅಪಘಾತಗಳು ಆಗಿಯೇ ತೀರುವುವು. ಆಗ ನಮ್ಮ ಕರ್ತವ್ಯದ ಅವಧಿ ಯಾವುದೆಂಬುದನ್ನು ಈ ಚರಿತ್ರೆಯು ನಮಗೆ ಹೇಳಿಕೊಡುತ್ತದೆ. ಬಿದ್ದವನನ್ನು ವಾಹನಕ್ಕೆ ಹತ್ತಿಸಿ, ಮೊದಲ ದಿನದ ಖರ್ಚನ್ನು ಕೊಟ್ಟು, ಅವನು ಕಣ್ಣು ಬಿಟ್ಟನೆಂಬ ಸುದ್ದಿ ಕೇಳಿ ನಿಶ್ಚಿಂತರಾಗುವುದು ಮಲೆನಾಡಿನ ಸಜ್ಜನರಲ್ಲಿಯೂ ಕಂಡುಬರುವ ರೂಢಿ. ಕಣ್ಣು ಬಿಟ್ಟ ದಿನವೇ ಅವನ ಶರೀರವು ತನ್ನ ಕಾವಲನ್ನು ಕಳೆದುಕೊಳ್ಳುತ್ತಿರುವ ದಿನವೂ ಹೌದೆಂಬುದನ್ನು ತಿಳಿದ ಮೇಲೆ, ಗಾಯ ಮುಚ್ಚುವವರೆಗಿನ ವಾರಗಳ ಕೂಲಿ, ಹಾಲು ಬೇಳೆ ಮೊಟ್ಟೆಗಳ ಆಹಾರ, ಗಾಯ ಕಟ್ಟಿಸಿಕೊಂಡು ಬರಲು ದಾರಿಯ ವೆಚ್ಚ, ಮನೆಯಲ್ಲಿ ನೋಡಿಕೊಳ್ಳುವವರ ಹೊಟ್ಟೆಪಾಡು, ಇವೆಲ್ಲವೂ ತೋಟದ ಯಜಮಾನನ, ಊರಿನವರ, ಸರ್ಕಾರದ ಹೊಣೆಯೊಳಗೆ ಸೇರಬೇಕು. ಶತಮಾನಗಳವರೆಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಮನೆಗಳಲ್ಲಿ ನಂಜೆಂದೋ ಜ್ವರವೆಂದೋ ವಿಧಿಯೆಂದೋ ಹೇಳಿ ಕಳುಹಿಸಿಕೊಟ್ಟ ಸಾವುಗಳಲ್ಲಿ ಎಷ್ಟೋ ಸಾವುಗಳು ಶುಚಿಯಿಂದಲೂ ಅನ್ನದಿಂದಲೂ ಸಕಾಲದ ಶುಶ್ರೂಷೆಯಿಂದಲೂ ತಡೆಯಬಹುದಾದವು. ಅವು ವಿಧಿಯಲ್ಲವೆಂದು ಈಗ ತಿಳಿದಿದೆ. ತಿಳಿದ ಮೇಲೆ ಎರಡನೆಯ ವಾರದಲ್ಲಿಯೂ ಗಾಯಾಳುವಿನ ಮಗ್ಗುಲಲ್ಲಿ ಇರುವುದು ಉಪಕಾರವೆನಿಸದು, ಋಣವೆನಿಸುವುದು.